ತಂತ್ರದ ಛಾಪು ಹೊತ್ತ ಪರದೇಶಿ ಸರಕು

ಧರ್ಮವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ ಕಾಮದ ಮಾತೇಕೆ ಎಂದು ಹಿರಿಯ ಶ್ರಾವಕರು ಹುಬ್ಬು ಗಂಟಿಕ್ಕಬಹುದು. ಆದರೆ ನಮ್ಮ ಆಚಾರ್ಯರು ಈ ವಿಷಯದಲ್ಲಿ ಮೌನ ವಹಿಸಿದವರಲ್ಲ. ನಾಲ್ಕನೆಯ ಅಣುವ್ರತವನ್ನು ವಿವರಿಸುವಾಗ ಅದರ ಐದು ಅತಿಚಾರಗಳನ್ನು ಅವರು ಹೆಸರು ಹಿಡಿದು ಹೇಳಿದ್ದಾರೆ. ಮರ್ಯಾದೆಯ ಹೆಸರಿನಲ್ಲಿ ಸುಮ್ಮನಾದವರು ನಾವು. ಮನೆಯ ಹಿರಿಯರು ಸುಮ್ಮನಿದ್ದರೆ ಮಕ್ಕಳೊಡನೆ ಮಾತಾಡುವವರು ಹೊರಗಿನವರಾಗುತ್ತಾರೆ. ಇಂದು ಆಗಿರುವುದೂ ಅದೇ.

ಆ ಹೊರಗಿನವರು ಎರಡು ಅಂಗಡಿಗಳನ್ನು ತೆರೆದು ಕುಳಿತಿದ್ದಾರೆ. ಮೊದಲನೆಯದು ಬಡವರದು: ಪೇಟೆಯ ಗೋಡೆಗಳಿಗೆ ಅಂಟಿಸಿದ ‘ಸ್ತ್ರೀ-ಪುರುಷ ವಶೀಕರಣ’ದ ಚೀಟಿ, ತಾಯತ, ಯಂತ್ರ, ‘ಕೆಲಸವಾದ ಮೇಲೆ ಹಣ ಕೊಡಿ’ ಎಂಬ ಮಾತು. ಎರಡನೆಯದು ಓದಿದವರದು: ಹೊಳಪು ಮುಖಪುಟದ ಪುಸ್ತಕ, ಮೊಬೈಲಿನ ಪರದೆಯ ಮೇಲೆ ಪ್ರವಚನ, ದೂರದ ರೆಸಾರ್ಟಿನಲ್ಲಿ ಮೂರು ದಿನದ ಶಿಬಿರ. ಅಲ್ಲಿ ಮಾರುವ ಸರಕಿಗೆ ‘ಪ್ರಾಚೀನ ಭಾರತದ ತಂತ್ರವಿದ್ಯೆ’ ಎಂಬ ಹೆಸರು. ಸ್ತ್ರೀಪುರುಷ ಸಂಗಮವನ್ನೇ ಸಾಧನೆಯನ್ನಾಗಿ ಮಾಡಿಕೊಂಡರೆ ಹಣ, ಆರೋಗ್ಯ, ಅಧಿಕಾರ, ಕೊನೆಗೆ ಮುಕ್ತಿಯೂ ಕೈಗೂಡುವುದೆಂಬುದು ಅದರ ಸಾರ. ಮೊದಲನೆಯ ಅಂಗಡಿಗೆ ಹೋಗಲು ನಾಚುವವರು ಎರಡನೆಯದಕ್ಕೆ ಹೆಮ್ಮೆಯಿಂದ ಹೋಗುತ್ತಾರೆ. ಎರಡಕ್ಕೂ ಬಂಡವಾಳ ಒಂದೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಆ ಬಂಡವಾಳದ ಹೆಸರು ನಿದಾನಶಲ್ಯ.

ಸರಕಿನ ಮೂಲವೆಲ್ಲಿ?

ವ್ಯಾಪಾರಿಯಾದವನು ಸರಕನ್ನು ಕೊಳ್ಳುವ ಮೊದಲು ಅದು ಎಲ್ಲಿಂದ ಬಂತು, ಯಾರ ಕೈದಾಟಿ ಬಂತು ಎಂದು ವಿಚಾರಿಸುತ್ತಾನೆ. ‘ಪ್ರಾಚೀನ’ವೆಂದು ಹೇಳಿಕೊಳ್ಳುವ ಈ ಕಾಮತಂತ್ರದ ಮೂಲವನ್ನು ಹುಡುಕುತ್ತ ಹೋದರೆ ನಾವು ಕಾಶಿಗೂ ಕಾಮರೂಪಕ್ಕೂ ಹೋಗಿ ತಲಪುವುದಿಲ್ಲ, ಹತ್ತೊಂಬತ್ತನೆಯ ಶತಮಾನದ ಅಮೆರಿಕಕ್ಕೆ ಹೋಗಿ ತಲಪುತ್ತೇವೆ.

ಪಾಸ್ಕಲ್ ಬೆವರ್ಲಿ ರ‍್ಯಾಂಡಾಲ್ಫ್ ಎಂಬಾತ 1825ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮಿಶ್ರವರ್ಣದ ಮನುಷ್ಯ. ಬಾಲ್ಯದಲ್ಲೇ ಅನಾಥನಾದ, ನಾವಿಕನಾಗಿ ದುಡಿದ, ಸ್ವಂತ ಪ್ರಯತ್ನದಿಂದ ಓದಿದ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಶಾಲೆಗಳಲ್ಲಿ ಪಾಠ ಹೇಳಿದ ಗುಣವೂ ಅವನಿಗಿತ್ತು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಅವನ ಹೆಸರು ಉಳಿದಿರುವುದು ಇನ್ನೊಂದು ಕಾರಣಕ್ಕೆ. ದಂಪತಿಗಳ ಸಂಗಮದ ಪರಾಕಾಷ್ಠೆಯ ಕ್ಷಣದಲ್ಲಿ ಆತ್ಮದ ಬಾಗಿಲು ತೆರೆಯುತ್ತದೆ, ಆ ಕ್ಷಣದಲ್ಲಿ ಮನಸ್ಸಿನಲ್ಲಿ ಬೇಡಿಕೊಂಡದ್ದು ಈಡೇರುತ್ತದೆ ಎಂದು ಆತ ಬೋಧಿಸಿದ. ಈ ಮತವನ್ನು 1874ರ ‘ಯೂಲಿಸ್’ ಎಂಬ ಪುಸ್ತಕದಲ್ಲಿ ಅಚ್ಚು ಮಾಡಿಸಿದ. ಜೊತೆಗೆ ಶಕ್ತಿವರ್ಧಕ ರಸಾಯನಗಳನ್ನೂ ಮಾರಿದ. ತನ್ನ ವಿದ್ಯೆ ಪೂರ್ವದೇಶದ ಗುಪ್ತಪಂಥಗಳಿಂದ ಬಂದುದೆಂದು ಹೇಳಿಕೊಂಡ. ಆದರೆ ರೋಸಿಕ್ರೂಸಿಯನ್ ರಹಸ್ಯವೆಂಬ ಹೆಸರಿನಲ್ಲಿ ತಾನು ಕೊಟ್ಟುದರಲ್ಲಿ ಬಹುಭಾಗ ತನ್ನ ಆತ್ಮದಿಂದಲೇ ಹೊರಟದ್ದೆಂದು ಅವನೇ ಬರೆದಿಟ್ಟಿದ್ದಾನೆ. ಕೇಳಿದ್ದೆಲ್ಲ ಈಡೇರಿಸುವ ವಿದ್ಯೆಯ ಕರ್ತೃ 1875ರಲ್ಲಿ ಓಹಾಯೋದ ಟೊಲೀಡೊ ನಗರದಲ್ಲಿ, ಐವತ್ತರ ಒಳಗೇ, ಬಡತನದಲ್ಲಿ ಗುಂಡೇಟಿನಿಂದ ಸತ್ತ.

ಅವನ ಸರಕು ಅವನೊಡನೆ ಸಾಯಲಿಲ್ಲ. 1884ರಲ್ಲಿ ಇಂಗ್ಲೆಂಡಿನಲ್ಲಿ ‘ಹರ್ಮೆಟಿಕ್ ಬ್ರದರ್‌ಹುಡ್ ಆಫ್ ಲಕ್ಸರ್’ ಎಂಬ ಸಂಘ ಬೆಳಕಿಗೆ ಬಂತು. ಲಕ್ಸರ್ ಈಜಿಪ್ಟಿನ ಊರು. ಸಂಘದ ವ್ಯವಹಾರ ನಡೆದದ್ದು ಅಂಚೆಯ ಮೂಲಕ. ರ‍್ಯಾಂಡಾಲ್ಫನ ಬರಹಗಳನ್ನು ಆಧರಿಸಿದ ಪಾಠಗಳನ್ನು ಗೌಪ್ಯದ ಆಣೆ ಹಾಕಿಸಿ ಶಿಷ್ಯರಿಗೆ ಕಳಿಸುತ್ತಿದ್ದರು. ಅದರ ಮುಖಂಡರಲ್ಲಿ ಒಬ್ಬನಾದ ಬರ್ಗಾಯ್ನ್ ಎಂಬುವನು ಬೇರೆ ಹೆಸರಿನಲ್ಲಿ ವಂಚನೆಯ ಜಾಹೀರಾತು ನೀಡಿದ್ದಕ್ಕಾಗಿ 1883ರಲ್ಲಿ ಜೈಲು ಕಂಡವನು. ಈ ಸಂಗತಿ 1886ರಲ್ಲಿ ಬಯಲಾದಾಗ ಮುಖಂಡರು ಅಮೆರಿಕಕ್ಕೆ ಹೊರಟುಹೋದರು. ಇಂದು ಮೊಬೈಲಿನಲ್ಲಿ ಶುಲ್ಕ ಕಟ್ಟಿ ‘ರಹಸ್ಯ ದೀಕ್ಷೆ’ ಪಡೆಯುವ ನಮ್ಮ ಯುವಕರು, ಈ ಮಾರಾಟದ ರೀತಿ ನೂರನಲವತ್ತು ವರ್ಷ ಹಳೆಯದೆಂಬುದನ್ನು ಅರಿಯಬೇಕು. ವಿದ್ಯೆ ಪ್ರಾಚೀನವಲ್ಲ, ವಂಚನೆ ಮಾತ್ರ ಪ್ರಾಚೀನ.

ಮೂರನೆಯ ಕೈ ಜರ್ಮನಿಯದು. ಥಿಯೊಡೋರ್ ರಾಯ್ಸ್ ಎಂಬಾತ ‘ಓರ್ಡೊ ಟೆಂಪ್ಲಿ ಓರಿಯೆಂಟಿಸ್’, ಅಂದರೆ ‘ಪೂರ್ವದೇಶದ ದೇವಾಲಯದ ಸಂಘ’ ಎಂಬ ಗುಪ್ತಸಂಘವನ್ನು ಬೆಳೆಸಿದ. ಫ್ರೀಮೇಸನರ ಹಾಗೂ ಎಲ್ಲ ಗೂಢಪಂಥಗಳ ರಹಸ್ಯಗಳನ್ನು ತೆರೆಯುವ ಒಂದೇ ಕೀಲಿಕೈ ತಮ್ಮಲ್ಲಿದೆ, ಅದು ಕಾಮತಂತ್ರವೇ ಎಂದು ಆ ಸಂಘದ ಪತ್ರಿಕೆ 1912ರಲ್ಲಿ ಬಹಿರಂಗವಾಗಿ ಸಾರಿತು. ಮೂಲಪುರುಷನೆಂದು ಹೇಳಲಾದ ಕೆಲ್ನರ್ ಎಂಬ ಆಸ್ಟ್ರಿಯದ ಕಾಗದ ಉದ್ಯಮಿಗೆ ಒಬ್ಬ ಅರಬನೂ ಇಬ್ಬರು ಹಿಂದೂಗಳೂ ಗುರುಗಳಾಗಿದ್ದರೆಂಬುದು ಅವರ ಹೇಳಿಕೆ. ಸಂಘದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದವಿಗಳಿದ್ದವು, ಪದವಿಗೆ ಶುಲ್ಕವಿತ್ತು. ಒಂಬತ್ತನೆಯ ಪದವಿಗೆ ಏರಿದವನಿಗೆ ಮಾತ್ರ ‘ಪರಮ ರಹಸ್ಯ’ ಲಭ್ಯ. ನಮ್ಮ ಶ್ರಾವಕನಿಗೆ ಹನ್ನೊಂದು ಪ್ರತಿಮೆಗಳಿವೆ. ಒಂದೊಂದು ಮೆಟ್ಟಿಲೇರಿದಂತೆ ಅವನು ಒಂದೊಂದನ್ನು ಬಿಡುತ್ತ ಹೋಗುತ್ತಾನೆ. ಆ ಸಂಘದಲ್ಲಿ ಒಂದೊಂದು ಮೆಟ್ಟಿಲೇರಿದಂತೆ ಪಡೆಯುವ ಆಸೆ ಬೆಳೆಯುತ್ತ ಹೋಗುತ್ತದೆ. ಮೆಟ್ಟಿಲು ಎರಡು ಕಡೆಗೂ ಇರುತ್ತದೆ. ಅದು ಎತ್ತ ಒಯ್ಯುತ್ತದೆ ಎಂಬುದು ಪ್ರಶ್ನೆ.

ಲೆಕ್ಕದ ಪುಸ್ತಕ ಹೇಳುವುದೇನು?

1912ರಲ್ಲಿಯೇ ರಾಯ್ಸ್ ಇಂಗ್ಲೆಂಡಿನ ಶಾಖೆಯನ್ನು ಅಲಿಸ್ಟರ್ ಕ್ರೌಲಿ ಎಂಬುವನ ಕೈಗೆ ಕೊಟ್ಟ. ಕ್ರೌಲಿ (1875–1947) ಶ್ರೀಮಂತ ಮನೆಯ ಮಗ, ಪರ್ವತಾರೋಹಿ, ಕವಿ. 1901ರಲ್ಲಿ ಸಿಂಹಳದಲ್ಲಿ ಕೆಲಕಾಲ ಯೋಗಾಭ್ಯಾಸ ಮಾಡಿದವನು. ಈ ಮನುಷ್ಯನಿಂದ ನಮಗೆ ಒಂದು ಉಪಕಾರವಾಗಿದೆ: ಅವನು ಲೆಕ್ಕ ಬರೆದಿಟ್ಟ. 1914ರಿಂದ ಮುಂದಿನ ಕೆಲವು ವರ್ಷ, ಹೆಚ್ಚಾಗಿ ಅಮೆರಿಕದಲ್ಲಿದ್ದಾಗ, ತಾನು ನಡೆಸಿದ ಒಂದೊಂದು ಕಾಮಪ್ರಯೋಗವನ್ನೂ, ಯಾವ ಉದ್ದೇಶಕ್ಕಾಗಿ ನಡೆಸಿದೆನೆಂಬುದನ್ನೂ, ಫಲವೇನೆಂಬುದನ್ನೂ ದಿನಚರಿಯಲ್ಲಿ ದಾಖಲಿಸಿದ. ಅದರಲ್ಲಿ ಮತ್ತೆ ಮತ್ತೆ ಬರುವ ಉದ್ದೇಶಗಳಲ್ಲಿ ಒಂದು ಹಣ.

ಹಾಗಾದರೆ ಆಖೈರು ತಾಳೆಪಟ್ಟಿ ಏನು ಹೇಳುತ್ತದೆ? ತಂದೆಯಿಂದ ಬಂದ ಆಸ್ತಿ ಕರಗಿತು. 1920ರಲ್ಲಿ ಇಟಲಿಯ ಸಿಸಿಲಿ ದ್ವೀಪದ ಚೆಫಲೂ ಎಂಬಲ್ಲಿ ಒಂದು ‘ಮಠ’ ತೆರೆದ. ಅವನ ಸಂಗಾತಿ ಲೀಯಾ ಹರ್ಸಿಗ್ ಎಂಬಾಕೆಯ ಹಸುಗೂಸು ಅದೇ ವರ್ಷ ತೀರಿಕೊಂಡಿತು. 1923ರಲ್ಲಿ ಒಬ್ಬ ತರುಣ ಶಿಷ್ಯ ಅಲ್ಲಿಯೇ ಕಾಯಿಲೆ ಬಿದ್ದು ಸತ್ತ. ಅದೇ ವರ್ಷ ಮುಸೊಲಿನಿಯ ಸರಕಾರ ಕ್ರೌಲಿಯನ್ನು ದೇಶದಿಂದ ಹೊರದಬ್ಬಿತು. 1934ರಲ್ಲಿ ತನ್ನ ಮಾನಹಾನಿಯಾಯಿತೆಂದು ಹೂಡಿದ ದಾವೆಯಲ್ಲಿ ಸೋತ. 1935ರಲ್ಲಿ ನ್ಯಾಯಾಲಯ ಅವನನ್ನು ದಿವಾಳಿಯೆಂದು ಘೋಷಿಸಿತು. ಮಾದಕವಸ್ತುವಿನ ಚಟ ಹತ್ತಿಸಿಕೊಂಡೇ 1947ರಲ್ಲಿ ಹೇಸ್ಟಿಂಗ್ಸಿನ ವಸತಿಗೃಹವೊಂದರಲ್ಲಿ ಕಣ್ಣುಮುಚ್ಚಿದ. ಧನಾಕರ್ಷಣೆಯ ಪ್ರಯೋಗವನ್ನು ಇವನಷ್ಟು ಶ್ರದ್ಧೆಯಿಂದ ಮಾಡಿದವರೂ ವಿರಳ, ಲೆಕ್ಕವಿಟ್ಟವರು ಇನ್ನೂ ವಿರಳ. ಆ ಲೆಕ್ಕವನ್ನು ಯಾವ ಗುಮಾಸ್ತನ ಮುಂದಿಟ್ಟರೂ ‘ಈ ದಂಧೆಯಲ್ಲಿ ಬರೀ ನಷ್ಟ’ ಎಂದು ಒಂದೇ ಸಾಲಿನಲ್ಲಿ ಹೇಳುವನು. ನಷ್ಟವನ್ನು ಹೊತ್ತವರು ಬಹುಮಟ್ಟಿಗೆ ಹೆಂಗಸರು. ಗುರುವಿನ ಹೆಸರು ಪುಸ್ತಕಗಳ ಮುಖಪುಟಕ್ಕೆ ಬಂತು. ಅವನೊಡನೆ ಬಾಳಿ ಬೀದಿಪಾಲಾದ ಹೆಂಗಸರು ಅಡಿಟಿಪ್ಪಣಿಗಳಲ್ಲಿ ಉಳಿದರು.

‘ತಂತ್ರ’ ಎಂಬ ಛಾಪು ಬಿದ್ದದ್ದು ಹೇಗೆ? ಅಯೋವಾ ಪ್ರಾಂತದಲ್ಲಿ ಹುಟ್ಟಿದ ಪಿಯರ್ ಬರ್ನಾರ್ಡ್ (1875–1955) ಎಂಬಾತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ‘ತಾಂತ್ರಿಕ ಸಂಘ’ ಕಟ್ಟಿದ. 1910ರಲ್ಲಿ ಇಬ್ಬರು ಯುವತಿಯರ ದೂರಿನ ಮೇಲೆ ನ್ಯೂಯಾರ್ಕಿನಲ್ಲಿ ಅವನ ಬಂಧನವಾಯಿತು. ಸಾಕ್ಷ್ಯ ನಿಲ್ಲದೆ ಮೊಕದ್ದಮೆ ಬಿದ್ದುಹೋಯಿತು. ಆಮೇಲೆ ನ್ಯಾಯಕ್ ಎಂಬಲ್ಲಿ ಸಿರಿವಂತರಿಗಾಗಿ ವಿಶಾಲವಾದ ವಿಹಾರಸ್ಥಾನ ಕಟ್ಟಿದ, ಆನೆಗಳನ್ನು ಸಾಕಿದ, ಬ್ಯಾಂಕೊಂದರ ಅಧ್ಯಕ್ಷನೂ ಆದ. ಕ್ರೌಲಿ ದಿವಾಳಿಯಾದ ಕಾಲಕ್ಕೆ ಬರ್ನಾರ್ಡ್ ಬ್ಯಾಂಕರನಾಗಿದ್ದನಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅವನಿಗೆ ಹಣ ಬಂದದ್ದು ಸಾಧನೆಯಿಂದಲ್ಲ, ಸಾಧಕರ ಜೇಬಿನಿಂದ. ಇತ್ತ ಕಲಕತ್ತಾ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಸರ್ ಜಾನ್ ವುಡ್ರೋಫ್ ‘ಆರ್ಥರ್ ಅವಲಾನ್’ ಎಂಬ ಹೆಸರಿನಲ್ಲಿ 1913ರಿಂದ ತಂತ್ರಗ್ರಂಥಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುತ್ತ, ತಂತ್ರವೆಂದರೆ ಕೇವಲ ಮೈಥುನವಲ್ಲ, ಅದರಲ್ಲಿ ಮಂತ್ರ, ಧ್ಯಾನ, ತತ್ತ್ವವಿಚಾರವೇ ಬಹುಭಾಗ ಎಂದು ವಾದಿಸಿದರು. ಅವರ ಪುಸ್ತಕಗಳನ್ನು ಕೊಂಡವರಲ್ಲಿ ಅನೇಕರು ಆ ವಾದವನ್ನು ಬಿಟ್ಟು ಹೆಸರುಗಳನ್ನು ಮಾತ್ರ ಆಯ್ದುಕೊಂಡರು.

ಹಿಂದೆ ನಮ್ಮ ಹತ್ತಿ ಹಡಗೇರಿ ಹೋಗಿ ಮ್ಯಾಂಚೆಸ್ಟರಿನ ಬಟ್ಟೆಯಾಗಿ ಮರಳಿ ಬರುತ್ತಿತ್ತು. ನಾವು ನಮ್ಮ ಹತ್ತಿಯನ್ನೇ ದುಬಾರಿ ಬೆಲೆಗೆ ಕೊಳ್ಳುತ್ತಿದ್ದೆವು. ಈ ಸರಕಿನಲ್ಲಿ ಹತ್ತಿಯೂ ಬಹುಮಟ್ಟಿಗೆ ನಮ್ಮದಲ್ಲ. ನಮ್ಮದು ಛಾಪು ಮಾತ್ರ. ಆ ಛಾಪನ್ನು ಕಂಡು ಹೆಮ್ಮೆಪಟ್ಟು ಹಣ ತೆರುತ್ತಿದ್ದೇವೆ.

ನಮ್ಮವರೇ ಆಡಿದ ಮಾತು

ಇಷ್ಟಾದರೂ ಇದು ಪರರ ವಿಷಯ, ಜೈನರಿಗೇನು ಎಂದು ಕೈತೊಳೆದುಕೊಳ್ಳುವಂತಿಲ್ಲ. ಸಂಭೋಗದ ಮೂಲಕ ಸಮಾಧಿಯೆಂಬ ಮಾತನ್ನು ಭಾರತದ ಮನೆಮಾತಾಗಿ ಮಾಡಿದವರು ಜೈನ ಕುಟುಂಬದಲ್ಲಿ ಜನಿಸಿದವರು. ರಜನೀಶರು 1931ರಲ್ಲಿ ಮಧ್ಯಪ್ರದೇಶದ ಕುಚವಾಡಾದಲ್ಲಿ ತಾರಣಪಂಥೀ ದಿಗಂಬರ ಮನೆತನದಲ್ಲಿ ಹುಟ್ಟಿದರು. 1968ರಲ್ಲಿ ಮುಂಬಯಿಯ ಭಾರತೀಯ ವಿದ್ಯಾಭವನದಲ್ಲಿ ಈ ವಿಷಯದ ಪ್ರವಚನ ಆರಂಭಿಸಿದಾಗ ದೊಡ್ಡ ಕೋಲಾಹಲವಾಯಿತು. ಮುಂದಿನ ವರ್ಷಗಳಲ್ಲಿ ಪರ್ಯೂಷಣದ ದಿನಗಳಲ್ಲಿ ಮಹಾವೀರ ವಾಣಿಯ ಮೇಲೆ ಅವರು ಮಾತನಾಡಿದಾಗ ಕೇಳಲು ಕುಳಿತವರಲ್ಲಿ ನಮ್ಮವರೂ ಇದ್ದರು. 1974ರಲ್ಲಿ ಪುಣೆಯಲ್ಲಿ ಆಶ್ರಮ ನೆಲೆಗೊಂಡಿತು. ನಿಪ್ಪಾಣಿಯ ಮೇಲೆ ಹಾದುಹೋಗುವ ಹೆದ್ದಾರಿಯಲ್ಲೇ ಅದು ಕೆಲವು ತಾಸುಗಳ ದಾರಿ.

ಅವರ ವಾದವನ್ನು ತಿರುಚಿ ಹೇಳಿ ಖಂಡಿಸುವುದು ಅನೇಕಾಂತಕ್ಕೆ ಒಪ್ಪುವುದಿಲ್ಲ. ಕ್ರೌಲಿಯಂತೆ ಅವರು ಸಂಗಮದಿಂದ ಹಣ ಬೇಡಿರೆಂದು ಹೇಳಲಿಲ್ಲ. ಅದುಮಿಟ್ಟ ಕಾಮ ರೋಗವಾಗುತ್ತದೆ, ಅದನ್ನು ಎಚ್ಚರದಿಂದ ಅನುಭವಿಸಿ ದಾಟಬೇಕು ಎಂಬುದು ಅವರ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಒಳಗೆ ಆಸೆಯನ್ನು ಇಟ್ಟುಕೊಂಡು ಹೊರಗೆ ತ್ಯಾಗದ ವೇಷ ಹಾಕುವುದನ್ನು ನಮ್ಮ ಶಾಸ್ತ್ರವೂ ಮಾಯಾಶಲ್ಯವೆಂದು ಕರೆಯುತ್ತದೆ. ಆದರೆ ಉಳಿದರ್ಧ ಅಸತ್ಯ. ಭೋಗದಿಂದ ಆಸೆ ತೀರುವುದಾದರೆ ದೇವಲೋಕದ ಸಾಗರೋಪಮ ಕಾಲದ ಸುಖ ಅನುಭವಿಸಿದ ಜೀವರೆಲ್ಲ ಅಲ್ಲಿಂದಲೇ ಮುಕ್ತರಾಗಬೇಕಿತ್ತು. ಅವರೂ ಮನುಷ್ಯಜನ್ಮಕ್ಕೆ ಬಂದು ಸಂಯಮ ತಾಳಬೇಕೆಂದೇ ಜಿನವಾಣಿ ಹೇಳುತ್ತದೆ. ಭೋಗದಿಂದ ಯೋಗಕ್ಕೆ ದಾರಿ ಎಂದು ಸಾರಿದ ಚಳವಳಿ ಮುಂದೆ ಎಲ್ಲಿ ತಲಪಿತು? 1981ರ ಬಳಿಕ ಅಮೆರಿಕದ ಓರೆಗಾನಿನಲ್ಲಿ 93 ರೋಲ್ಸ್ ರಾಯ್ಸ್ ಕಾರುಗಳು. 1984ರಲ್ಲಿ ಸಂಘದ ಪ್ರಮುಖರೇ ಹೋಟೆಲುಗಳ ಆಹಾರದಲ್ಲಿ ರೋಗಾಣು ಬೆರೆಸಿದ ಪ್ರಕರಣ, 751 ಜನ ಅಸ್ವಸ್ಥ. 1985ರಲ್ಲಿ ಗುರುಗಳು ಆ ದೇಶವನ್ನು ಬಿಡಬೇಕಾದ ಪರಿಸ್ಥಿತಿ. ನಾಲ್ಕನೆಯ ವ್ರತದ ಬೇಲಿ ಕಿತ್ತ ಹೊಲದಲ್ಲಿ ಐದನೆಯದೂ ಮೊದಲನೆಯದೂ ಉಳಿಯಲಿಲ್ಲ.

ಪರಾಕಾಷ್ಠೆಯ ಕ್ಷಣದಲ್ಲಿ

ಈಗ ಸಿದ್ಧಾಂತಕ್ಕೆ ಬರೋಣ. ಮಾಯಾ, ಮಿಥ್ಯಾ, ನಿದಾನ ಇವು ಮೂರು ಶಲ್ಯಗಳು. ಮೈಯೊಳಗೆ ನೆಟ್ಟ ಮುಳ್ಳುಗಳು. ಮುಳ್ಳು ಹೊತ್ತವನು ವ್ರತಿಯಾಗಲಾರ. ನಿದಾನವೆಂದರೆ ಧರ್ಮಾಚರಣೆಗೆ ಪ್ರತಿಫಲವಾಗಿ ಮುಂದಿನ ಭೋಗವನ್ನು ಬೇಡುವುದು. ಉಪವಾಸ ಮಾಡಿ ರಾಜ್ಯ ಕೇಳುವುದು, ಪೂಜೆ ಮಾಡಿ ಪರಸ್ತ್ರೀಯನ್ನು ಕೇಳುವುದು. ರ‍್ಯಾಂಡಾಲ್ಫನಿಂದ ಕ್ರೌಲಿಯವರೆಗೆ ಪಾಶ್ಚಾತ್ಯ ಕಾಮತಂತ್ರದ ಇಡೀ ಶರೀರವೇ ಈ ನಿದಾನ. ಉಳಿದವರಲ್ಲಿ ನಿದಾನ ಧರ್ಮಕ್ಕೆ ಅಂಟಿದ ಕಲೆ. ಇಲ್ಲಿ ಅದೇ ಧರ್ಮ. ಬೇಡುವುದೇ ಪೂಜೆ, ಭೋಗವೇ ನೈವೇದ್ಯ, ಮತ್ತೊಂದು ಭೋಗವೇ ಪ್ರಸಾದ.

ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ ನೀಲಾಂಜನೆಯ ನೃತ್ಯದ ಪ್ರಸಂಗವನ್ನು ತಿಳಿಯದ ಕನ್ನಡ ಜೈನರಿಲ್ಲ. ಸಭೆ ಸೌಂದರ್ಯದಲ್ಲಿ ಮೈಮರೆತಿದೆ. ಆ ಸುಖದ ಶಿಖರದಲ್ಲೇ ನರ್ತಕಿಯ ಆಯುಷ್ಯ ಮುಗಿದು ಅವಳು ಅದೃಶ್ಯಳಾಗುತ್ತಾಳೆ. ಇಂದ್ರನು ಅದೇ ರೂಪಿನ ಮತ್ತೊಬ್ಬಳನ್ನು ಆ ಕ್ಷಣವೇ ನಿಲ್ಲಿಸುತ್ತಾನೆ. ಸಭೆಗೆ ಗೊತ್ತಾಗುವುದಿಲ್ಲ, ವೃಷಭದೇವನಿಗೆ ಗೊತ್ತಾಗುತ್ತದೆ, ವೈರಾಗ್ಯ ಉದಿಸುತ್ತದೆ. ಸುಖದ ಪರಾಕಾಷ್ಠೆಯ ಕ್ಷಣ ಬಹು ಮಹತ್ತ್ವದ್ದೆಂದು ರ‍್ಯಾಂಡಾಲ್ಫನೂ ಹೇಳಿದ, ನಮ್ಮ ಪುರಾಣವೂ ಹೇಳಿತು. ಆತ ‘ಆ ಕ್ಷಣದಲ್ಲಿ ಬೇಡು’ ಎಂದ. ಆದಿನಾಥರು ಆ ಕ್ಷಣದಲ್ಲಿ ಕಂಡರು. ಬೇಡಿದವನಿಗೆ ಇಂದ್ರನ ಎರಡನೆಯ ನರ್ತಕಿ ಸಿಗಬಹುದು. ಕಂಡವನಿಗೆ ಮಾತ್ರ ದಾರಿ ಸಿಗುತ್ತದೆ.

ಇದು ಗೃಹಸ್ಥಧರ್ಮದ ನಿಂದೆಯಲ್ಲ. ಶ್ರಾವಕನಿಗೆ ವಿಧಿಸಿದ್ದು ಸ್ವದಾರಸಂತೋಷ. ತನ್ನ ಪತ್ನಿಯಲ್ಲಿ, ತನ್ನ ಪತಿಯಲ್ಲಿ ತೃಪ್ತಿ. ಆ ಶಬ್ದದಲ್ಲಿ ‘ಸಂತೋಷ’ವಿದೆ, ನಾಚಿಕೆಯಿಲ್ಲ. ಆದರೆ ಜೊತೆಗಾರರನ್ನು ಹಣದ ಯಂತ್ರವಾಗಿ, ಶಕ್ತಿಯ ಬ್ಯಾಟರಿಯಾಗಿ ಬಳಸುವುದು ಸಂತೋಷವಲ್ಲ. ಕಾಮತೀವ್ರಾಭಿನಿವೇಶವನ್ನು ಅತಿಚಾರವೆಂದ ಆಚಾರ್ಯರು ಅದರ ಅಪಾಯವನ್ನು ಚೆನ್ನಾಗಿ ಅರಿತಿದ್ದರು. ‘ನಾವು ಮಾಡುವುದು ಸಾಂಕೇತಿಕ, ಮನಸ್ಸಿನಲ್ಲಿ ಮಾತ್ರ’ ಎಂಬ ಸಮರ್ಥನೆಯೂ ನಡೆಯದು. 1209ರಲ್ಲಿ ಜನ್ನನು ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಜನ್ಮಜನ್ಮಾಂತರ ತೊಳಲಿದರು. ಕೋಳಿ ಹಿಟ್ಟಿನದಾದರೂ ಸಂಕಲ್ಪ ನಿಜವಾಗಿತ್ತು.

ಕಠಿಣವಾದ ಪ್ರಶ್ನೆ

‘ಭಾರತದಲ್ಲಿ ಇಂಥದು ಇರಲೇ ಇಲ್ಲವೇ?’ ಎಂದರೆ, ಇತ್ತು. ಕೌಲರ ಪಂಥ ಕನ್ನಡ ನಾಡಿನಲ್ಲಿಯೂ ಪರಿಚಿತವಾಗಿತ್ತು. ಸೋಮದೇವ ಸೂರಿಗಳು 959ರಲ್ಲಿ ಮುಗಿಸಿದ ‘ಯಶಸ್ತಿಲಕ ಚಂಪು’ವಿನಲ್ಲಿ ಅದನ್ನು ಎತ್ತಿಕೊಂಡು, ಅಂಕೆಯಿಲ್ಲದ ನಡತೆಯಿಂದ ಮೋಕ್ಷ ಸಿಗುವುದಾದರೆ ಕೌಲರಿಗಿಂತ ಮೊದಲು ಠಕ್ಕರಿಗೂ ಕಟುಕರಿಗೂ ಸಿಗಬೇಕಿತ್ತಲ್ಲ ಎಂದು ನಗುತ್ತಾರೆ. ಇಂದಿನ ಶಿಬಿರದವರಿಗೆ ಸಾವಿರ ವರ್ಷದ ಹಿಂದೆಯೇ ಕೊಟ್ಟ ಉತ್ತರವಿದು.

ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ನಮ್ಮಲ್ಲೇ ಮಂತ್ರಕಲ್ಪಗಳಿಲ್ಲವೇ? ಇವೆ. ಇಂದ್ರನಂದಿ 939ರಲ್ಲಿ ಮಾನ್ಯಖೇಟದಲ್ಲಿ ‘ಜ್ವಾಲಾಮಾಲಿನೀ ಕಲ್ಪ’ ಬರೆದರು. ಮುಳಗುಂದದ ಮಲ್ಲಿಷೇಣರು ಹನ್ನೊಂದನೆಯ ಶತಮಾನದಲ್ಲಿ ‘ಭೈರವ ಪದ್ಮಾವತೀ ಕಲ್ಪ’ವನ್ನು ಹತ್ತು ಅಧಿಕಾರಗಳಲ್ಲಿ ರಚಿಸಿದರು, ಅದರಲ್ಲಿ ಸ್ತ್ರೀಯರನ್ನು ಆಕರ್ಷಿಸುವ ವಿಧಿಗೂ ವಶ್ಯೌಷಧಕ್ಕೂ ಸ್ಥಾನವಿದೆ. ಗೋಡೆಯ ಮೇಲಿನ ವಶೀಕರಣ ಚೀಟಿಯವನು ‘ನಿಮ್ಮ ಆಚಾರ್ಯರೇ ಬರೆದಿದ್ದಾರೆ’ ಎಂದರೆ ನಾವು ತಲೆ ತಗ್ಗಿಸಿ ಸುಳ್ಳು ಹೇಳಬೇಕಾಗಿಲ್ಲ. ತಲೆ ಎತ್ತಿ ವಿವೇಚಿಸಬೇಕು.

ಮೊದಲನೆಯದಾಗಿ, ಜ್ವಾಲಾಮಾಲಿನಿಯ ಕಥೆಯ ಮೂಲದಲ್ಲಿರುವುದು ಕರುಣೆ. ಹೇಲಾಚಾರ್ಯರು ದೇವಿಯನ್ನು ಒಲಿಸಿಕೊಂಡದ್ದು ಬ್ರಹ್ಮರಾಕ್ಷಸ ಪೀಡಿತಳಾದ ಶಿಷ್ಯೆ ಕಮಲಶ್ರೀಯನ್ನು ಬಿಡಿಸಲು, ಯಾವ ಸ್ತ್ರೀಯನ್ನೂ ವಶಪಡಿಸಿಕೊಳ್ಳಲು ಅಲ್ಲ. ಎರಡನೆಯದಾಗಿ, ಒಂದು ಕಾಲದಲ್ಲಿ ಒಬ್ಬ ಆಚಾರ್ಯರು ಬರೆದದ್ದೆಲ್ಲ ಮೋಕ್ಷಮಾರ್ಗವಲ್ಲ. ಶ್ರಾವಕರು ಹಾವು, ರೋಗ, ಶತ್ರುಭಯಕ್ಕಾಗಿ ಅನ್ಯಮತದ ಮಾಂತ್ರಿಕರ ಬಾಗಿಲಿಗೆ ಹೋಗುತ್ತಿದ್ದ ದಿನಗಳ ಒತ್ತಡ ಆ ಗ್ರಂಥಗಳ ಮೇಲಿದೆ. ಮೂರನೆಯದಾಗಿ, ಅದೇ ಪರಂಪರೆ ಅದಕ್ಕೆ ಕಟ್ಟೆಯನ್ನೂ ಕಟ್ಟಿದೆ. ಸಮಂತಭದ್ರರ ‘ರತ್ನಕರಂಡ ಶ್ರಾವಕಾಚಾರ’ ವರದಾಸೆಯಿಂದ ರಾಗದ್ವೇಷವುಳ್ಳ ದೇವತೆಗಳನ್ನು ಪೂಜಿಸುವುದನ್ನು ದೇವಮೂಢತೆ ಎನ್ನುತ್ತದೆ. ಸೋಮದೇವರು ವ್ಯಂತರಾದಿ ದೇವತೆಗಳನ್ನು ಜಿನೇಂದ್ರನಿಗೆ ಸಮವಾಗಿ ಪೂಜಿಸುವವನು ಅಧೋಗತಿಗೆ ಇಳಿಯುವನೆಂದರು. ಶುಭಚಂದ್ರರ ‘ಜ್ಞಾನಾರ್ಣವ’ವು ವಶೀಕರಣ, ಆಕರ್ಷಣ, ವಿದ್ವೇಷಣ, ಮಾರಣಗಳಲ್ಲಿ ತೊಡಗಿದ ಯತಿಯನ್ನು ನೇರವಾಗಿ ಖಂಡಿಸಿತು. ಶಾಸ್ತ್ರದಲ್ಲಿ ರೋಗವೂ ಔಷಧವೂ ದಾಖಲಾಗಿರುವಾಗ ರೋಗವನ್ನೇ ಆರಿಸಿಕೊಂಡು ‘ಶಾಸ್ತ್ರಸಮ್ಮತ’ವೆನ್ನುವುದು ವಂಚಕರ ರೀತಿ.

ನಮ್ಮ ನೆಲದ ಸಾಕ್ಷಿ

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗಕ್ಕೆ ಬೇರೆಡೆಯ ಸಾಕ್ಷಿ ಬೇಕಿಲ್ಲ. ದೂಧಗಂಗಾ ವೇದಗಂಗಾ ಸಂಗಮದ ಭೋಜ ಗ್ರಾಮದಿಂದ ಆಚಾರ್ಯ ಶಾಂತಿಸಾಗರರು (1872–1955) ಹೊರಟರು. ಮಿಥ್ಯಾದೇವತೆಗಳ ಪೂಜೆಯನ್ನು ಬಿಡುವ ಪ್ರತಿಜ್ಞೆ ಮಾಡದ ಮನೆಯಲ್ಲಿ ಅವರು ಆಹಾರ ಸ್ವೀಕರಿಸುತ್ತಿರಲಿಲ್ಲ. ಹಾಗಾಗಿಯೇ ಈ ಭಾಗದ ಅಸಂಖ್ಯ ಮನೆಗಳು ಹರಕೆ, ಬಲಿ, ಮಾಟಗಳಿಂದ ಬಿಡುಗಡೆ ಹೊಂದಿದವು. ಕೋಥಳಿಯಿಂದ ಆಚಾರ್ಯ ದೇಶಭೂಷಣರು, ಶೇಡಬಾಳದಿಂದ ಆಚಾರ್ಯ ವಿದ್ಯಾನಂದರು, ಸದಲಗಾದಿಂದ ಆಚಾರ್ಯ ವಿದ್ಯಾಸಾಗರರು ಬಂದರು. ಸ್ತವನಿಧಿಯಲ್ಲಿ 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ, ಇಂದಿನ ದಕ್ಷಿಣ ಭಾರತ ಜೈನ ಸಭೆ, ವಿದ್ಯೆಯಿಂದ ಸಮಾಜೋನ್ನತಿ ಎಂಬ ಮಾರ್ಗ ಹಿಡಿಯಿತು. ಒಂದು ದಿನದಲ್ಲಿ ಸುತ್ತಿಬರಬಹುದಾದ ಈ ನೆಲ ನಾಲ್ವರು ದಿಗಂಬರ ಆಚಾರ್ಯರನ್ನು ಕೊಟ್ಟಿದೆ. ಇಂಥ ನೆಲದವರು ಬ್ರಹ್ಮಚರ್ಯದ ಅರ್ಥವನ್ನು ಚೆಫಲೂವಿನಿಂದ ಬಂದ ಪುಸ್ತಕದಲ್ಲಿ ಹುಡುಕಬೇಕೇ?

ಆದರೆ ಹೆಮ್ಮೆಯಷ್ಟೇ ಸಾಲದು. ಜಿನಮಂದಿರದಲ್ಲಿ ಮೂಲನಾಯಕರ ಮುಂದೆ ಒಂದು ನಿಮಿಷ, ಪದ್ಮಾವತಿಯ ಮುಂದೆ, ಕ್ಷೇತ್ರಪಾಲನ ಮುಂದೆ ಅರ್ಧ ತಾಸು ನಿಂತು ನಾವು ಬೇಡುವುದು ಏನನ್ನು? ಯಕ್ಷಯಕ್ಷಿಯರಿಗೆ ಶಾಸನರಕ್ಷಕರೆಂಬ ಗೌರವ ಸಲ್ಲಲಿ. ಅವರನ್ನು ನಮ್ಮ ಆಸೆಗಳ ದಲಾಲರನ್ನಾಗಿ ಮಾಡಿದರೆ, ಬಸ್ತಿಯೊಳಗೆ ನಾವೇ ನಿದಾನದ ಮಳಿಗೆ ತೆರೆದಂತೆ. ಮನೆಯಲ್ಲಿ ಬೇಡುವುದನ್ನೇ ಧರ್ಮವೆಂದು ಕಲಿತ ಮಗ, ನಾಳೆ ಬೇಡಲು ಇನ್ನೂ ಚುರುಕಾದ ವಿದ್ಯೆ ಹುಡುಕಿ ಹೋದರೆ ಆಶ್ಚರ್ಯವೇನು?

ಆದ್ದರಿಂದ ದೇವಸ್ಥಾನದ ಟ್ರಸ್ಟುಗಳ ಪಂಚರಲ್ಲಿ ಕೆಲವು ಮಾತುಗಳನ್ನು ನಿಷ್ಠುರವಾಗಿ ನಿವೇದಿಸುತ್ತೇನೆ. ಮಂದಿರದ ಆವರಣದಲ್ಲಿ ವಶೀಕರಣ, ಆಕರ್ಷಣೆಯ ಯಂತ್ರ ತಾಯತಗಳನ್ನು ಯಾರೇ ಕೊಟ್ಟರೂ, ಅವರು ಎಷ್ಟೇ ಮಂತ್ರ ಬಲ್ಲವರಾದರೂ, ತಡೆಯಿರಿ. ಮಂಗಲ ಕಾರ್ಯಾಲಯವನ್ನು ಶಿಬಿರಕ್ಕೆ ಬಾಡಿಗೆ ಕೊಡುವ ಮೊದಲು ಅಲ್ಲಿ ಬೋಧಿಸುವುದೇನೆಂದು ಕೇಳಿ. ಬಾಡಿಗೆಯ ಹಣಕ್ಕೆ ಬಣ್ಣವಿಲ್ಲವೆಂಬುದು ವ್ಯಾಪಾರದ ಮಾತು, ಟ್ರಸ್ಟಿನ ಮಾತಲ್ಲ. ಪಾಠಶಾಲೆಯನ್ನು ಸಣ್ಣ ಮಕ್ಕಳ ಸ್ತೋತ್ರಪಾಠಕ್ಕೆ ನಿಲ್ಲಿಸದೆ, ಮದುವೆಯ ವಯಸ್ಸಿನ ಯುವಕ ಯುವತಿಯರಿಗೆ ಗೃಹಸ್ಥಧರ್ಮವನ್ನು ಕಲಿಸಿ. ತಿಳಿದ ಹಿರಿಯರೂ ಒಬ್ಬ ವೈದ್ಯರೂ ಕೂಡಿ ಕುಳಿತು ಮಾತಾಡಿದರೆ ಮೊಬೈಲಿನ ಗುರುವಿಗೆ ಅರ್ಧ ಗಿರಾಕಿ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ಸಂತಾನದ ಆಸೆ ತೋರಿಸಿ, ಗಂಡನ ಮನಸ್ಸು ತಿರುಗಿಸುವೆನೆಂದು ನಂಬಿಸಿ, ಮಾಂತ್ರಿಕನೊಬ್ಬ ಒಬ್ಬ ಹೆಣ್ಣುಮಗಳನ್ನು ಕೆಡಿಸಿದರೆ, ‘ಮನೆತನದ ಮರ್ಯಾದೆ’ ಎಂದು ಅವಳ ಬಾಯಿ ಮುಚ್ಚಿಸಬೇಡಿ. ಹಾಗೆ ಮುಚ್ಚಿಸುವವರು ಮಾಂತ್ರಿಕನ ಪಾಲುದಾರರು. 1954ರ ಕೇಂದ್ರ ಕಾಯ್ದೆಯೇ ಕಾಮಸುಖದ ಶಕ್ತಿ ಹೆಚ್ಚಿಸುವುದಾಗಿ ಹೇಳುವ ಮಂತ್ರ ತಾಯತಗಳ ಜಾಹೀರಾತನ್ನು ನಿಷೇಧಿಸಿದೆ. ಪುಣೆಯಲ್ಲಿ ಡಾ. ನರೇಂದ್ರ ದಾಭೋಲಕರರ ಹತ್ಯೆಯಾದ 2013ರಲ್ಲಿಯೇ ಮಹಾರಾಷ್ಟ್ರ ಮಾಡಿದ ಕಾಯ್ದೆಯು, ಅಲೌಕಿಕ ಶಕ್ತಿಯಿಂದ ಸಂತಾನ ಕೊಡುವೆನೆಂದು ನಂಬಿಸಿ ಸ್ತ್ರೀಯೊಡನೆ ದೇಹಸಂಬಂಧ ಬೆಳೆಸುವುದನ್ನು ಹೆಸರಿಸಿ ಅಪರಾಧವೆಂದಿದೆ. ಆರು ತಿಂಗಳಿಂದ ಏಳು ವರ್ಷದವರೆಗೆ ಸೆರೆ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2017ರದು. 2020ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮದು ಗಡಿಭಾಗ; ವಂಚಕನು ನಿಪ್ಪಾಣಿಯಿಂದ ಕಾಗಲಕ್ಕೆ, ಕಾಗವಾಡದಿಂದ ಮೀರಜಕ್ಕೆ ದಾಟಿದರೂ ಕಾನೂನು ಎರಡೂ ಕಡೆ ಇದೆ. ಇಲ್ಲದಿರುವುದು ದೂರು ಕೊಡುವವಳ ಜೊತೆ ಪೊಲೀಸ್ ಠಾಣೆಯವರೆಗೆ ನಡೆದು ಬರುವ ಪಂಚರು. ಅಹಿಂಸೆಯನ್ನು ಪರಮಧರ್ಮವೆನ್ನುವ ಸಮಾಜ ಇಷ್ಟನ್ನಾದರೂ ಮಾಡಬೇಡವೇ?

ಪ್ರತಿ ಪರ್ಯೂಷಣದ ದಶಲಕ್ಷಣದಲ್ಲಿ ಹತ್ತನೆಯ ದಿನ ನಾವು ಉತ್ತಮ ಬ್ರಹ್ಮಚರ್ಯದ ಅರ್ಘ್ಯ ಎತ್ತುತ್ತೇವೆ. ಒಂಬತ್ತು ದಿನದ ಕ್ಷಮೆ, ಮಾರ್ದವ, ಆರ್ಜವಾದಿಗಳನ್ನು ದಾಟಿದ ಮೇಲೆ ಅದು ಬರುತ್ತದೆ. ಮೊದಲನೆಯ ದಿನವೇ ಬರುವುದಿಲ್ಲ. ಅದಕ್ಕೆ ಶುಲ್ಕವಿಲ್ಲ, ರಹಸ್ಯವಿಲ್ಲ, ಒಂಬತ್ತನೆಯ ಪದವಿಯ ಪರದೆಯಿಲ್ಲ. ಬೆಳಗಿನ ಬೆಳಕಿನಲ್ಲಿ, ಹೆಂಡತಿ ಮಕ್ಕಳ ಎದುರಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಬಹುದಾದ ಧರ್ಮವದು. ಕತ್ತಲೆಯಲ್ಲಿ, ಆಣೆ ಹಾಕಿಸಿ, ಹಣ ಪಡೆದು ಹೇಳುವ ಯಾವುದನ್ನೂ ಧರ್ಮವೆಂದು ಕೊಳ್ಳಬೇಡಿರಿ.